ಬ್ರೂಡರ್‌ನೊಳಗೆ ಕೋಳಿಮರಿಗಳು ಒಂದನ್ನೊಂದು ಕುಕ್ಕಿ ಸಾಯಿಸುತ್ತಿವೆ, ಏನು ಮಾಡಬೇಕು?

ಪ್ರಶ್ನೆ: ನಮ್ಮದು ಸೋಮವಾರಪೇಟೆಯ ಹತ್ತಿರ ಕಾಫಿ ತೋಟ. ಹುತ್ತರಿಯ ಹೊತ್ತಿಗೆ ಮನೆಗೂ ಮಾರಾಟಕ್ಕೂ ಆಗಲೆಂದು ಜೂನ್ ಮೊದಲ ವಾರದಲ್ಲಿ ಒಂದು ದಿನದ 60 ಗಿರಿರಾಜ ಮರಿಗಳನ್ನು ತಂದೆವು. ವಾರದ ಬಳಿಕ 12 ಕಡಕನಾಥ್ ಮರಿಗಳು ಸಿಕ್ಕವೆಂದು ಅವನ್ನೂ ಅದೇ ಬ್ರೂಡರ್‌ಗೆ, ಅಂದರೆ ಕಾವು ಕೊಡುವ ಪೆಟ್ಟಿಗೆಗೆ, ಬಿಟ್ಟೆವು. ಪೆಟ್ಟಿಗೆ ಪ್ಲೈವುಡ್‌ನದು, ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. 200 ವ್ಯಾಟ್‌ನ ಒಂದು ಬಲ್ಬು ಹಗಲೂ ರಾತ್ರಿಯೂ ಉರಿಯುತ್ತದೆ. ಎರಚಲು ಬಾರದಂತೆ ಸುತ್ತಲೂ ಟಾರ್ಪಾಲು ಕಟ್ಟಿದ್ದೇವೆ. ಮೊದಲ ಹತ್ತು ದಿನ ಎಳೆಯ ಮರಿಗಳಿಗೆಂದೇ ಅಂಗಡಿಯಲ್ಲಿ ಸಿಗುವ ಸ್ಟಾರ್ಟರ್ ಆಹಾರ ಕೊಟ್ಟು, ಆಮೇಲೆ ಅದಕ್ಕೆ ಸಮಪಾಲು ಅಕ್ಕಿ ನುಚ್ಚು ಬೆರೆಸುತ್ತಿದ್ದೇವೆ. ಈಗ ಮೂರನೆಯ ವಾರ. ಮರಿಗಳು ಒಂದನ್ನೊಂದು ಬೆನ್ನಟ್ಟಿ ಬಾಲದ ಬುಡದಲ್ಲಿ ರಕ್ತ ಬರುವಂತೆ ಕುಕ್ಕುತ್ತಿವೆ. ನಾಲ್ಕು ಸತ್ತಿವೆ, ಅವುಗಳಲ್ಲಿ ಮೂರು ಕಡಕನಾಥ್. ಕೊಕ್ಕು ಕತ್ತರಿಸಿ ಎಂದು ಒಬ್ಬರು, ನೀರಿಗೆ ಉಪ್ಪು ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ. ರಕ್ತದ ರುಚಿ ಕಂಡ ಮರಿ ಸುಧಾರಿಸುವುದಿಲ್ಲ, ಸಿಕ್ಕಷ್ಟಕ್ಕೆ ಮಾರಿಬಿಡಿ ಎಂಬ ಸಲಹೆಯೂ ಬಂದಿದೆ. ಯಾವುದು ಸರಿ?

ಉತ್ತರ: ಮೂರೂ ಸದ್ಯಕ್ಕೆ ಬೇಡ. ಮಾರುವ ಅಗತ್ಯವಿಲ್ಲ, ಕೊಕ್ಕಿನ ತಂಟೆಗೆ ಹೋಗಬಾರದು, ಉಪ್ಪನ್ನು ನೀರಿಗಂತೂ ಹಾಕಲೇಬಾರದು. ನಿಮ್ಮ ಪತ್ರದಲ್ಲಿ ಒಂದು ಮುಖ್ಯ ವಿಷಯವನ್ನು ನೀವೇ ಗಮನಿಸಿ ಬರೆದಿದ್ದೀರಿ: ಗಾಯ ಬಾಲದ ಬುಡದಲ್ಲಿದೆ. ಮರಿಗಳು ಕುಕ್ಕುತ್ತಿವೆ ಎಂದು ದೂರುವವರಲ್ಲಿ ಹೆಚ್ಚಿನವರು ಎಲ್ಲಿ ಕುಕ್ಕುತ್ತಿವೆ ಎಂಬುದನ್ನು ಹೇಳುವುದಿಲ್ಲ. ಆದರೆ ಕಾರಣ ತಿಳಿಯುವುದು ಮರಿಯ ವಯಸ್ಸು ಮತ್ತು ಗಾಯದ ಜಾಗ, ಇವೆರಡನ್ನು ಒಟ್ಟಿಗೆ ನೋಡಿದಾಗಲೇ.

ಮೊದಲಿಗೆ, ಕುಕ್ಕುವುದೆಲ್ಲ ಜಗಳವಲ್ಲ. ಕೋಳಿಮರಿ ಲೋಕವನ್ನು ತಿಳಿದುಕೊಳ್ಳುವುದೇ ಕೊಕ್ಕಿನಿಂದ. ಹುಟ್ಟಿದ ಮೊದಲ ದಿನವೇ ಅದು ಹೊಳೆಯುವ ಮೊಳೆಯ ತಲೆಯನ್ನು, ಪಕ್ಕದ ಮರಿಯ ಕಣ್ಣನ್ನು, ನಿಮ್ಮ ಉಂಗುರವನ್ನು ಒಂದೇ ಕುತೂಹಲದಿಂದ ಮುಟ್ಟಿ ನೋಡುತ್ತದೆ. ಎರಡು ಮೂರು ವಾರದ ಮರಿಗಳು ಎದೆ ಸೆಟೆದು, ಎದುರುಬದುರು ನಿಂತು, ಒಂದೆರಡು ಸಲ ಹಾರಿ ಬಡಿದು ಸುಮ್ಮನಾಗುವುದೂ ಸಹಜವೇ. ಯಾರು ಮೇಲು ಯಾರು ಕೆಳಗು ಎಂದು ಅವು ತೀರ್ಮಾನಿಸಿಕೊಳ್ಳುವ ರೀತಿ ಅದು. ಅಲ್ಲಿ ಪೆಟ್ಟು ಬೀಳುವುದು ತಲೆಗೆ, ಮತ್ತು ಸೋತ ಮರಿ ಹಿಂದೆ ಸರಿದ ಕೂಡಲೇ ಜಗಳ ಮುಗಿಯುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ನಡೆಯುತ್ತಿರುವುದು ಬೇರೆ. ಹಿಂದಿನಿಂದ ಬಂದು ಗರಿ ಎಳೆಯುವ ಮರಿಗೆ ಎದುರಾಳಿಯ ಮೇಲೆ ಸಿಟ್ಟೇನೂ ಇಲ್ಲ. ನೆಲ ಕೆದರಿ ಹುಳ, ಬೀಜ, ಹುಲ್ಲಿನ ಎಸಳು ಹುಡುಕಬೇಕಾದ ಕೊಕ್ಕಿಗೆ ಕೆಲಸವಿಲ್ಲದೆ ಅದು ಪಕ್ಕದ ಮರಿಯ ಮೈಯನ್ನೇ ಕೆದರುತ್ತಿದೆ. ನಿಮ್ಮ ತೋಟದ ಅಂಚಿನಲ್ಲಿ ಕಾಡುಕೋಳಿ ಬರುವುದಿದ್ದರೆ ಗಮನಿಸಿ ನೋಡಿ. ಎಚ್ಚರವಾಗಿರುವ ಹೊತ್ತಿನಲ್ಲಿ ಬಹುಪಾಲನ್ನು ಅದು ತರಗೆಲೆ ಕೆದರುವುದರಲ್ಲೇ ಕಳೆಯುತ್ತದೆ. ಸಾಕಿದ ಮರಿಯಲ್ಲಿಯೂ ಆ ಒತ್ತಡ ಹಾಗೆಯೇ ಇದೆ, ಪ್ಲೈವುಡ್ ಪೆಟ್ಟಿಗೆಯೊಳಗೆ ಅದಕ್ಕೆ ದಾರಿ ಇಲ್ಲ ಅಷ್ಟೆ.

ಇನ್ನು ಜಾಗದ ವಿಚಾರ. ಮೊದಲ ವಾರದಲ್ಲಿ ಕಾಲ್ಬೆರಳನ್ನು ಕುಕ್ಕುತ್ತಿದ್ದರೆ ಬಹುತೇಕ ಹಸಿವೇ ಕಾರಣ: ಆಹಾರ ಇದ್ದರೂ ಮರಿಗೆ ಅದು ಕಂಡಿಲ್ಲ, ಅಥವಾ ಫೀಡರ್ ಸಾಲುತ್ತಿಲ್ಲ, ಅಥವಾ ಅದರ ಅಂಚು ಎತ್ತರವಾಗಿದೆ. ಆ ವಯಸ್ಸಿನಲ್ಲಿ ಚರ್ಮ ತೆಳು. ಪ್ರಖರ ಬೆಳಕಿನಲ್ಲಿ ಬೆರಳಿನ ರಕ್ತನಾಳ ಕೆಂಪಗೆ ಕಾಣುತ್ತದೆ, ಹಸಿದ ಮರಿಗೆ ಅದೇ ಕಾಳಿನಂತೆ ತೋರುತ್ತದೆ. ಹೊಕ್ಕುಳು ಸರಿಯಾಗಿ ಆರದ ಮರಿಯ ಹೊಟ್ಟೆಯನ್ನೂ ಈ ವಾರದಲ್ಲಿಯೇ ಕುಕ್ಕುತ್ತವೆ. ಗುದದ್ವಾರದ ಸುತ್ತ ಕುಕ್ಕುತ್ತಿದ್ದರೆ ಮೊದಲು ಹಿಕ್ಕೆಯನ್ನು ನೋಡಬೇಕು. ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿಹೋದ ಮರಿ ತಿಣುಕುವಾಗ ಉಬ್ಬಿ ಕೆಂಪಾಗುವ ಜಾಗವೇ ಉಳಿದವಕ್ಕೆ ಗುರಿಯಾಗುತ್ತದೆ. ಮೂರನೆಯ ವಾರದ ಬಳಿಕ ಹಿಕ್ಕೆಯಲ್ಲಿ ರಕ್ತ ಬೆರೆತಿದ್ದರೆ ಅದು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ, ಇರಬಹುದು. ಅಲ್ಲಿ ಕುಕ್ಕುವುದು ರೋಗದ ಹಿಂದೆ ಬಂದದ್ದೇ ಹೊರತು ಅದೇ ಮೂಲವಲ್ಲ. ಬೆನ್ನು, ರೆಕ್ಕೆ ಮತ್ತು ಬಾಲದ ಬುಡ ಎಂದರೆ ಅದು ಎರಡರಿಂದ ನಾಲ್ಕು ವಾರದ ಮರಿಗಳ ತೊಂದರೆ, ನಿಮ್ಮದು ಇದೇ.

ಈ ವಯಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹುಟ್ಟಿದಾಗಿನ ನವಿರು ತುಪ್ಪಳ ಹೋಗಿ ಗಟ್ಟಿ ಗರಿ ಬರುವ ಕಾಲ ಇದು. ಒಂದು ಮರಿಯನ್ನು ಕೈಗೆತ್ತಿಕೊಂಡು ಬಾಲದ ಬುಡದ ತುಪ್ಪಳವನ್ನು ಬೆರಳಿನಿಂದ ಸರಿಸಿ ನೋಡಿ: ಸಣ್ಣ ಕಡ್ಡಿಯಂಥ ಮೊಳಕೆಗಳು ಸಾಲಾಗಿ ಎದ್ದಿರುತ್ತವೆ, ತುದಿಯಲ್ಲಿ ಮಾತ್ರ ಗರಿ ಬಿಚ್ಚಿಕೊಂಡಿರುತ್ತದೆ, ಬುಡದ ಭಾಗ ನೀಲಿಮಿಶ್ರಿತ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಎಂದರೆ ಒಳಗೆ ಹರಿಯುತ್ತಿರುವ ರಕ್ತ. ಬೆಳೆದ ಗರಿಯ ಕಾಂಡ ಟೊಳ್ಳು, ಕಿತ್ತರೂ ರಕ್ತ ಬರುವುದು ಕಡಿಮೆ. ಬೆಳೆಯುತ್ತಿರುವ ಗರಿ ಹಾಗಲ್ಲ, ಅದನ್ನು ಮುರಿದರೆ ರಕ್ತ ಒಸರುತ್ತಲೇ ಇರುತ್ತದೆ. ಅದೇ ಜಾಗದಲ್ಲಿ, ಬಾಲದ ಮೇಲ್ಭಾಗದಲ್ಲಿ, ಗರಿಗೆ ಎಣ್ಣೆ ಸವರಿಕೊಳ್ಳುವ ಗ್ರಂಥಿಯೂ ಇದೆ, ಅದರ ತುದಿ ಮೊಲೆತೊಟ್ಟಿನಂತೆ ಎದ್ದಿರುತ್ತದೆ. ಒಂದು ಮರಿ ಸುಮ್ಮನೆ ಎಳೆದ ಗರಿಯಿಂದ ಒಂದು ಹನಿ ರಕ್ತ ಕಂಡರೆ ಸಾಕು, ಸುತ್ತ ಇರುವ ಹತ್ತು ಮರಿಗಳ ಕಣ್ಣು ಅಲ್ಲಿಗೆ ಹೋಗುತ್ತದೆ. ಕೋಳಿಗೆ ಕೆಂಪು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಬೇರೆಯವು ಮಾಡಿದ್ದನ್ನು ನೋಡಿ ಕಲಿಯುವುದರಲ್ಲಿಯೂ ಅವು ಚುರುಕು. ಆದ್ದರಿಂದಲೇ ಬೆಳಗ್ಗೆ ಒಂದು ಮರಿಯಲ್ಲಿ ಕಂಡ ಗಾಯ ಸಂಜೆಯೊಳಗೆ ಐದಾರಕ್ಕೆ ಹರಡುತ್ತದೆ. ರಕ್ತದ ರುಚಿ ಕಂಡ ಮರಿ ಸುಧಾರಿಸುವುದಿಲ್ಲ ಎಂಬ ಮಾತು ಹುಟ್ಟಿದ್ದು ಇದನ್ನು ಕಂಡೇ. ಆದರೆ ಕಣ್ಣೆದುರಿನಿಂದ ರಕ್ತವನ್ನು ತೆಗೆದು, ಮೂಲ ಕಾರಣವನ್ನು ಸರಿಪಡಿಸಿದರೆ ಬಹುಪಾಲು ಮರಿಗಳು ಕೆಲವೇ ದಿನಗಳಲ್ಲಿ ಅದನ್ನು ಬಿಡುತ್ತವೆ.

ಆದ್ದರಿಂದ ಇಂದು ಸಂಜೆಯೇ ಮಾಡಬೇಕಾದದ್ದು ಗಾಯಗೊಂಡ ಪ್ರತಿಯೊಂದು ಮರಿಯನ್ನೂ ಹೊರತೆಗೆಯುವುದು. ಒಂದು ಹನಿ ರಕ್ತವಿದ್ದರೂ ಅದು ಒಳಗೆ ಉಳಿಯಬಾರದು. ರಟ್ಟಿನ ಪೆಟ್ಟಿಗೆಗೆ ಒಣ ಉಮಿ ಹಾಸಿ, ಬೆಚ್ಚಗೆ ಮಾಡಿ, ಆಹಾರ ನೀರು ಇಟ್ಟು ಅದರಲ್ಲಿ ಬಿಡಿ. ಗಾಯವನ್ನು ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೀರು ಬೆರೆಸಿ ತೆಳುಮಾಡಿದ ಪೊವಿಡೋನ್ ಅಯೋಡಿನ್ ಹಚ್ಚಿ, ಆರಿದ ಮೇಲೆ ಅರಿಶಿನವನ್ನು ಬೇವಿನ ಎಣ್ಣೆಯಲ್ಲಿ ಕಲಸಿ ತೆಳುವಾಗಿ ಲೇಪಿಸಿ. ಬೇವಿನ ಎಣ್ಣೆಯ ಕಹಿ ಮತ್ತೆ ಕುಕ್ಕುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ನೊಣವನ್ನೂ ದೂರವಿಡುತ್ತದೆ. ಈ ಎರಡನೆಯದು ನಮ್ಮ ಮಳೆಗಾಲದಲ್ಲಿ ಸಣ್ಣ ವಿಷಯವಲ್ಲ. ತೆರೆದ ಗಾಯದಲ್ಲಿ ನೊಣ ಮೊಟ್ಟೆಯಿಟ್ಟು ಹುಳುವಾದರೆ ಕುಕ್ಕಿನಿಂದ ಉಳಿದ ಮರಿ ಹುಳುವಿನಿಂದ ಸಾಯುತ್ತದೆ. ಆದ್ದರಿಂದ ದಿನಕ್ಕೆರಡು ಸಲ ಗಾಯವನ್ನು ನೋಡಲೇಬೇಕು. ಕೆಂಪು ಬಣ್ಣದ ಯಾವ ಔಷಧವನ್ನೂ ಹಚ್ಚಬೇಡಿ, ಅದು ಕುಕ್ಕಲು ಕರೆದಂತೆ.

ಎರಡನೆಯದಾಗಿ, ಕುಕ್ಕುವವರನ್ನು ಗುರುತಿಸಿ. ಇಡೀ ಗುಂಪು ಕೆಟ್ಟಿದೆ ಎಂದು ಅನಿಸಿದರೂ ಆರಂಭ ಮಾಡುವವು ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ. ಪೆಟ್ಟಿಗೆಯ ಪಕ್ಕದಲ್ಲಿ ಅಲುಗಾಡದೆ ಹದಿನೈದು ಇಪ್ಪತ್ತು ನಿಮಿಷ ಕುಳಿತರೆ ಅವು ಕಣ್ಣಿಗೆ ಬೀಳುತ್ತವೆ. ಎಲ್ಲವುಗಳ ಬಾಲ ಬೋಳಾಗಿರುವ ಗುಂಪಿನಲ್ಲಿ ಒಂದು ಗರಿಯೂ ಕೊಂಕದೆ ನಯವಾಗಿ ಇರುವ ಮರಿಯ ಮೇಲೆ ಮೊದಲು ಅನುಮಾನಪಡಿ. ಅವುಗಳ ಕಾಲಿಗೆ ಕಪ್ಪು ದಾರ ಸಡಿಲವಾಗಿ ಕಟ್ಟಿ, ಬೇರೆ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಡಿ.

ಈಗ ಮೂಲ ಕಾರಣಗಳು. ನಿಮ್ಮ ವಿಷಯದಲ್ಲಿ ಅವು ಒಂದಲ್ಲ, ನಾಲ್ಕೈದು ಒಟ್ಟಿಗೆ ಸೇರಿವೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು ಇಕ್ಕಟ್ಟು. ನಿಮ್ಮ ಪೆಟ್ಟಿಗೆ 12 ಚದರ ಅಡಿ, ಅದರಲ್ಲಿ 72 ಮರಿಗಳು. ಎಂದರೆ ಒಂದು ಚದರ ಅಡಿಗೆ ಆರು. ಮೊದಲ ನಾಲ್ಕೈದು ದಿನಕ್ಕೆ ಇದು ಹೇಗೋ ಸಾಲುತ್ತಿತ್ತು. ಮೂರನೆಯ ವಾರಕ್ಕೆ ಒಂದು ಮರಿಗೆ ಕನಿಷ್ಠ ಅರ್ಧ ಚದರ ಅಡಿ ಬೇಕು, ಐದಾರು ವಾರದ ಹೊತ್ತಿಗೆ ಒಂದು ಚದರ ಅಡಿ. ಈಗ ಉಳಿದಿರುವ 68 ಮರಿಗಳಿಗೆ 34 ಚದರ ಅಡಿ, ಅಂದರೆ ಹೆಚ್ಚುಕಡಿಮೆ ಈಗಿನ ಮೂರು ಪಟ್ಟು. ಪ್ಲೈವುಡ್ ಪೆಟ್ಟಿಗೆಯನ್ನು ಬಿಟ್ಟು, ಗೋದಾಮಿನ ಅಥವಾ ಕೊಟ್ಟಿಗೆಯ ಒಣ ನೆಲದ ಮೇಲೆ 22 ಅಡಿ ಉದ್ದದ ತಗಡನ್ನೋ ಬಿದಿರಿನ ತಟ್ಟಿಯನ್ನೋ ದುಂಡಾಗಿ ನಿಲ್ಲಿಸಿದರೆ ಏಳು ಅಡಿ ಅಗಲದ ವೃತ್ತವಾಗುತ್ತದೆ, ಒಳಗೆ 38 ಚದರ ಅಡಿ ಸಿಗುತ್ತದೆ. ಎತ್ತರ ಒಂದೂವರೆ ಅಡಿಯಾದರೂ ಇರಲಿ. ಮೇಲೆ ಬಲೆ ಹೊದಿಸಿ, ಇಲ್ಲವಾದರೆ ಈ ವಯಸ್ಸಿನ ಮರಿಗಳು ಹಾರಿ ಹೊರಬರುತ್ತವೆ, ಮುಂಗುಸಿ, ಬೆಕ್ಕು, ಇಲಿಗಳ ಕಾಟವೂ ತಪ್ಪುವುದಿಲ್ಲ. ದುಂಡಗಿರಬೇಕು ಎಂದು ಹೇಳುವುದಕ್ಕೆ ಕಾರಣವಿದೆ: ಪೆಟ್ಟಿಗೆಯ ಮೂಲೆಗೆ ಸಿಕ್ಕಿಬಿದ್ದ ಮರಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ, ಬೆನ್ನು ಹೊರಗೆ ಮಾಡಿ ಅಲ್ಲಿಯೇ ಮುದುಡಿ ಕೂರುತ್ತದೆ. ಸತ್ತ ಮರಿಗಳು ನಿಮಗೆ ಸಿಕ್ಕಿದ್ದು ಮೂಲೆಯಲ್ಲಿಯೇ ಇರಬೇಕು.

ಕಡಕನಾಥ್ ಮರಿಗಳನ್ನು ಇಂದೇ ಬೇರೆ ಮಾಡಿ, ಮತ್ತೆ ಸೇರಿಸಬೇಡಿ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಬೇಗ ಬೆಳೆಯುವ, ಮೈತುಂಬಿಕೊಳ್ಳುವ ತಳಿ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕನಾಥ್ ನಿಧಾನವಾಗಿ ಬೆಳೆಯುವ ಸಣ್ಣ ಮೈಕಟ್ಟಿನ ಹಕ್ಕಿ. ಒಂದೇ ದಿನ ಹುಟ್ಟಿದರೂ ಇವೆರಡೂ ಜೊತೆಗೆ ಬೆಳೆಯುವುದಿಲ್ಲ; ನಿಮ್ಮಲ್ಲಿ ಕಡಕನಾಥ್ ಮರಿಗಳು ಒಂದು ವಾರ ತಡವಾಗಿ ಬಂದಿವೆ. ಅದರ ಮೇಲೆ ಬಣ್ಣ ಬೇರೆ. ಒಂದೇ ಬಗೆಯ ಮರಿಗಳ ನಡುವೆ ಕೆಲವೇ ಕೆಲವು ಕಪ್ಪು ಮರಿಗಳು ಎದ್ದು ಕಾಣುತ್ತವೆ, ಎದ್ದು ಕಂಡದ್ದನ್ನು ಕುಕ್ಕುವುದು ಮರಿಗಳ ಸ್ವಭಾವ. ಸತ್ತ ನಾಲ್ಕರಲ್ಲಿ ಮೂರು ಕಡಕನಾಥ್ ಆಗಿರುವುದು ಆಕಸ್ಮಿಕವಲ್ಲ. ಮುಂದೆಯೂ ವಯಸ್ಸಿನಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಅಂತರವಿರುವ ಮರಿಗಳನ್ನು ಒಂದೇ ಬ್ರೂಡರ್‌ಗೆ ಬಿಡಬೇಡಿ.

ಮುಂದಿನದು ಬಲ್ಬು. ಕೊಡಗಿನಲ್ಲಿ ಮಳೆಗಾಲದ ಮರಿಸಾಕಣೆಯ ಪೇಚು ಇರುವುದೇ ಇಲ್ಲಿ. ಬಯಲುಸೀಮೆಯವರು ಮೂರು ವಾರಕ್ಕೆಲ್ಲ ಕಾವು ನಿಲ್ಲಿಸುತ್ತಾರೆ. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ನಮ್ಮಲ್ಲಿ ಹಗಲು ಹೊತ್ತಿನಲ್ಲಿಯೂ ಪಾದರಸ 20 ಡಿಗ್ರಿಯ ಆಚೀಚೆಯೇ ಇರುತ್ತದೆ, ಹಾಗಾಗಿ ಐದಾರು ವಾರ ಕಾವು ಬೇಕಾಗುತ್ತದೆ. ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ 21ಕ್ಕೆ ತರಬೇಕು. ಮೂರನೆಯ ವಾರಕ್ಕೆ 29 ಡಿಗ್ರಿ ಸಾಕು. ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ 200 ವ್ಯಾಟ್ ಹಗಲಿಡೀ ಉರಿದರೆ ಅದಕ್ಕಿಂತ ಬಹಳ ಮೇಲೆ ಹೋಗುವುದು ನಿಶ್ಚಯ, ಸೆಕೆಯಾದ ಮರಿ ಕಿರಿಕಿರಿಗೊಂಡು ಕುಕ್ಕಲು ತೊಡಗುತ್ತದೆ. ಒಂದು ಥರ್ಮಾಮೀಟರನ್ನು ಮರಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ. ಅದಿಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಅಡಿಯಲ್ಲಿ ಗುಂಪಾಗಿ ಒತ್ತಿಕೊಂಡು ಚೀರುತ್ತಿದ್ದರೆ ಚಳಿ, ಅಂಚಿಗೆ ಸರಿದು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ, ಎಲ್ಲೆಡೆ ಹರಡಿಕೊಂಡು ತಿಂದು ಮಲಗುತ್ತಿದ್ದರೆ ಸರಿಯಾಗಿದೆ. ಏಳು ಅಡಿಯ ವೃತ್ತದಲ್ಲಿ ನಡುವೆ ಬಿಸಿ, ಅಂಚಿನಲ್ಲಿ ತಂಪು ಇರುವುದರಿಂದ ತನಗೆ ಬೇಕಾದ ಜಾಗವನ್ನು ಮರಿ ತಾನೇ ಆರಿಸಿಕೊಳ್ಳುತ್ತದೆ.

ಬಿಸಿಯ ಜೊತೆ ಬೆಳಕಿನ ತೊಂದರೆಯೂ ಇದೆ. ಮೊದಲ ಎರಡು ಮೂರು ದಿನ ಮರಿ ಆಹಾರ ನೀರನ್ನು ಕಂಡುಕೊಳ್ಳಲೆಂದು ರಾತ್ರಿಯೂ ಬೆಳಕು ಕೊಡುತ್ತೇವೆ, ಅದು ಸರಿ. ಆನಂತರವೂ ದಿನವಿಡೀ ಪ್ರಖರ ಬಿಳಿ ಬೆಳಕು ಇದ್ದರೆ ಮರಿಗೆ ನಿದ್ರೆ ಇಲ್ಲ, ಜೊತೆಗೆ ಪಕ್ಕದ ಮರಿಯ ಒಂದೊಂದು ಗರಿಮೊಳಕೆಯೂ ಕಣ್ಣಿಗೆ ಹೊಡೆಯುತ್ತದೆ. ಬಿಸಿ ಬೇಕು, ಬೆಳಕು ಬೇಡ ಎಂದಾದರೆ ಇರುವ ದಾರಿ ಕೆಂಪು ಇನ್‌ಫ್ರಾರೆಡ್ ಬಲ್ಬು ಅಥವಾ ಬೆಳಕನ್ನೇ ಬೀರದ ಸೆರಾಮಿಕ್ ಹೀಟರ್. ಎರಡಕ್ಕೂ ಪಿಂಗಾಣಿ ಹೋಲ್ಡರ್ ಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಕೆಂಪು ಬೆಳಕಿನಲ್ಲಿ ಎಲ್ಲವೂ ಕೆಂಪಾಗಿಯೇ ಕಾಣುವುದರಿಂದ ರಕ್ತದ ಕಲೆ ಬೇರೆಯಾಗಿ ತೋರುವುದಿಲ್ಲ. ಸಾಮಾನ್ಯ ಬಲ್ಬಿಗೇ ಕೆಂಪು ಕಾಗದ ಸುತ್ತುವವರಿದ್ದಾರೆ. ಉಮಿಯ ಮೇಲೆ ತೂಗುವ ಬಿಸಿ ಬಲ್ಬಿಗೆ ಕಾಗದ ಸುತ್ತುವುದು ಬೆಂಕಿಗೆ ಆಹ್ವಾನ. ಕರೆಂಟು ಉಳಿಯಲಿ ಎಂದು ಎಲ್‌ಇಡಿ ಬಲ್ಬು ಹಾಕಿ ಮರಿ ಚಳಿಗೆ ಸಾಯುತ್ತಿವೆ ಎಂದು ಕೇಳುವವರೂ ಉಂಟು. ಆ ಬಲ್ಬು ಬೆಳಕನ್ನಷ್ಟೇ ಕೊಡುತ್ತದೆ, ಕಾವು ಕೊಡುವುದಿಲ್ಲ.

ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿರುವುದು ನಿಮ್ಮ ಕಡೆ ಹೊಸದಲ್ಲ. ಆಗ ಇದ್ದಿಲಿನ ಒಲೆ ಇಡುವವರು ಒಂದು ಎಚ್ಚರ ವಹಿಸಬೇಕು. ಟಾರ್ಪಾಲು ಬಿಗಿದ ಕೋಣೆಯಲ್ಲಿ ಕೆಂಡ ಉರಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಮರಿಗಳು ಮಲಗಿದಲ್ಲಿಯೇ ಸಾಯುತ್ತವೆ, ಒಳಗೆ ಮಲಗಿದ ಮನುಷ್ಯರಿಗೂ ಅದೇ ಅಪಾಯ. ಹೊರಗೆ ಚೆನ್ನಾಗಿ ಕೆಂಡವಾದ ಇದ್ದಿಲನ್ನು ಮಣ್ಣಿನ ಮಡಕೆಯಲ್ಲಿ ಹಾಕಿ, ಸುತ್ತ ತಂತಿಬಲೆ ಇಟ್ಟು, ಮೇಲ್ಗಡೆ ಗಾಳಿಯಾಡುವಂತೆ ಬಿಟ್ಟರೆ ಅದು ಉಪಯೋಗಕ್ಕೆ ಬರುತ್ತದೆ.

ಟಾರ್ಪಾಲಿನ ಬಗ್ಗೆಯೂ ಇದೇ ಮಾತು. ಎರಚಲಿಗೆ ಹೆದರಿ ನಾಲ್ಕೂ ಕಡೆ ಮಾಡಿನವರೆಗೆ ಕಟ್ಟಿದರೆ ಒಳಗಿನ ಆವಿ ಹೊರಗೆ ಹೋಗುವುದಿಲ್ಲ, ಹಾಸು ಒದ್ದೆಯಾಗುತ್ತದೆ, ಒದ್ದೆ ಹಾಸಿನಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ನೀವು ನಿಂತಾಗ ವಾಸನೆ ತಿಳಿಯದೇ ಹೋಗಬಹುದು. ಮರಿಯ ತಲೆಯ ಮಟ್ಟಕ್ಕೆ ಬಗ್ಗಿ ಒಂದು ನಿಮಿಷ ಉಸಿರಾಡಿ ನೋಡಿ. ಕಣ್ಣು ಉರಿದರೆ ಆ ಗಾಳಿಯಲ್ಲಿ ಮರಿಗಳು ದಿನವಿಡೀ ಇವೆ ಎಂದು ತಿಳಿಯಿರಿ. ಟಾರ್ಪಾಲನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ, ಮೇಲ್ಗಡೆ ಒಂದು ಅಡಿ ಬಿಡಬೇಕು. ಹಾಸಿಗೆ ಎರಡು ಇಂಚು ದಪ್ಪ ಒಣ ಉಮಿ ಒಳ್ಳೆಯದು, ಸಿಲ್ವರ್ ಓಕ್ ಮರದ ಹೆರೆಹುಡಿಯೂ ಆಗುತ್ತದೆ; ಸಣ್ಣ ಮರದಪುಡಿಯನ್ನು ಮರಿಗಳು ತಿನ್ನುವುದರಿಂದ ಅದು ಬೇಡ. ಕಾಫಿ ಹೊಟ್ಟನ್ನು ಬಳಸುವುದಾದರೆ ಬೇಸಿಗೆಯಲ್ಲಿ ಒಣಗಿಸಿ ಇಟ್ಟದ್ದೇ ಆಗಬೇಕು. ಮಳೆಯಲ್ಲಿ ಬೂಷ್ಟು ಹಿಡಿದ ಹೊಟ್ಟು ಮರಿಗಳ ಶ್ವಾಸಕೋಶಕ್ಕೆ ರೋಗ ತರುತ್ತದೆ. ನೀರಿನ ಡ್ರಿಂಕರ್ ಸುತ್ತಲಿನ ಒದ್ದೆ ಹಾಸನ್ನು ದಿನವೂ ತೆಗೆದು ಹೊಸದು ಹಾಕಿ. ಮರಿಗಳು ಒಳಗಿರುವಾಗ ಸುಣ್ಣ ಎರಚಬೇಡಿ, ಅಮೋನಿಯಾ ಮತ್ತಷ್ಟು ಎದ್ದೇಳುತ್ತದೆ.

ಅಕ್ಕಿ ನುಚ್ಚಿನ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಅದು ಸಣ್ಣದೆಂದಲ್ಲ. ಇಕ್ಕಟ್ಟಿನ ನಂತರದ ಸ್ಥಾನ ಇದಕ್ಕೇ. ಸ್ಟಾರ್ಟರ್ ಆಹಾರದಲ್ಲಿ ಸುಮಾರು 20 ಪ್ರತಿಶತ ಪ್ರೋಟೀನ್ ಇರುತ್ತದೆ, ನುಚ್ಚಿನಲ್ಲಿ ಎಂಟರ ಸುತ್ತಮುತ್ತ. ಸಮಪಾಲು ಬೆರೆಸಿದರೆ ಉಳಿಯುವುದು 14. ಗರಿ ಎಂದರೆ ಬಹುತೇಕ ಪ್ರೋಟೀನೇ. ಅದರಲ್ಲಿಯೂ ಗಂಧಕವಿರುವ ಮೆಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಗರಿಗೆ ಹೆಚ್ಚಾಗಿ ಬೇಕು. ಮೈತುಂಬ ಗರಿ ಹೊಮ್ಮುವ ವಾರದಲ್ಲಿಯೇ ನೀವು ಅದನ್ನು ಕಡಿತ ಮಾಡಿದ್ದೀರಿ, ಆಗ ಮರಿ ಎದುರಿಗೆ ಸಿಗುವ ಗರಿಯನ್ನೇ ತಿನ್ನಲು ಹೋಗುತ್ತದೆ. ಪ್ರೋಟೀನ್ ಒಂದೇ ಅಲ್ಲ, ಆಹಾರದಲ್ಲಿ ಅಳೆದು ಹಾಕಿದ ಉಪ್ಪು, ಖನಿಜ, ವಿಟಮಿನ್ ಎಲ್ಲವೂ ಅರ್ಧವಾಯಿತು. ಚೀಲದ ಚೀಟಿಯಲ್ಲಿ ಕಾಕ್ಸಿಡಿಯೋಸಿಸ್ ತಡೆಯುವ ಔಷಧ ಸೇರಿದೆ ಎಂದು ಬರೆದಿದ್ದರೆ ಅದೂ ಅರ್ಧವಾಗಿದೆ, ಅದೂ ಹಾಸು ಒದ್ದೆಯಾಗುವ ಕಾಲದಲ್ಲಿ. ನುಚ್ಚು ತಿಂದು ಬೆಳೆದ ಊರಕೋಳಿ ಮರಿಗಳನ್ನು ನಮ್ಮ ಹಿರಿಯರು ಸಾಕಿಲ್ಲವೇ ಎಂದು ನೀವು ಕೇಳಬಹುದು. ಸಾಕಿದ್ದಾರೆ, ಆದರೆ ಆ ಮರಿಗಳು ತಾಯಿಯ ಹಿಂದೆ ಗೊಬ್ಬರದ ಗುಂಡಿ ಕೆದರಿ ಗೆದ್ದಲು, ಎರೆಹುಳ ತಿಂದು ಪ್ರೋಟೀನನ್ನು ತಾವೇ ಸಂಪಾದಿಸುತ್ತಿದ್ದವು. ನಿಮ್ಮ ಮರಿಗಳಿಗೆ ಆ ಸೌಕರ್ಯ ಇಲ್ಲ. ನುಚ್ಚನ್ನು ನಾಳೆಯಿಂದಲೇ ನಿಲ್ಲಿಸಿ, ಎಂಟು ವಾರದವರೆಗೆ ಶುದ್ಧ ಸ್ಟಾರ್ಟರ್ ಕೊಡಿ. ಮೊದಲ ಮೂರು ನಾಲ್ಕು ದಿನ ಬೇಯಿಸಿ ಪುಡಿ ಮಾಡಿದ ಮೊಟ್ಟೆಯನ್ನು ಸ್ವಲ್ಪ ಮೇಲೆ ಉದುರಿಸಬಹುದು. ಸಂತೆಯ ಒಣಮೀನನ್ನು ಕುಟ್ಟಿ ಹಾಕಬೇಡಿ, ಅದರಲ್ಲಿ ಉಪ್ಪೇ ಹೆಚ್ಚು.

ಉಪ್ಪಿನ ಸಲಹೆ ಪೂರ್ತಿ ಬುಡವಿಲ್ಲದ್ದಲ್ಲ. ಆಹಾರದಲ್ಲಿ ಉಪ್ಪು ಕಡಿಮೆಯಾದರೆ ಮರಿಗಳು ಕುಕ್ಕಲಾರಂಭಿಸುವುದು ನಿಜ. ಬೇಕಾಗಿರುವುದು ಒಂದು ಕಿಲೋ ಆಹಾರಕ್ಕೆ ಮೂರು ಗ್ರಾಂನಷ್ಟು, ಅದು ಚೀಲದ ಆಹಾರದಲ್ಲಿ ಈಗಾಗಲೇ ಇದೆ. ನುಚ್ಚು ನಿಲ್ಲಿಸಿದ ದಿನವೇ ಆ ಕೊರತೆ ತಾನಾಗಿ ತೀರುತ್ತದೆ. ಅದರ ಮೇಲೆ ನೀರಿಗೂ ಅಂದಾಜಿನಲ್ಲಿ ಹಾಕಿದರೆ ಎಳೆಯ ಮರಿಗೆ ಉಪ್ಪೇ ವಿಷವಾಗುತ್ತದೆ. ಕುಡಿಯಲು ಬೇರೆ ನೀರಿಲ್ಲದಿರುವುದರಿಂದ ಅದು ತಪ್ಪಿಸಿಕೊಳ್ಳಲಾರದು.

ಫೀಡರ್‌ಗಳನ್ನೂ ಎಣಿಸಿ ನೋಡಿ. ಈ ವಯಸ್ಸಿಗೆ ಒಂದು ಮರಿಗೆ ಐದು ಸೆಂಟಿಮೀಟರ್ ಅಂಚು ಬೇಕು. ಎರಡೂ ಬದಿಯಿಂದ ತಿನ್ನಬಹುದಾದ ಮೂರು ಅಡಿ ಉದ್ದದ ಎರಡು ಫೀಡರ್ ಇದ್ದರೆ ನಿಮಗೆ ಸರಿಯಾಗುತ್ತದೆ. ಅವನ್ನು ಒಂದರ ಪಕ್ಕ ಒಂದು ಇಡದೆ ದೂರ ದೂರ ಇಡಿ. ಬಲಹೀನ ಮರಿ ಒಂದರಿಂದ ಓಡಿಸಲ್ಪಟ್ಟರೂ ಇನ್ನೊಂದರಲ್ಲಿ ತಿನ್ನುತ್ತದೆ.

ಇಷ್ಟಾದ ಮೇಲೆ ಕೊಕ್ಕಿಗೆ ಕೆಲಸ ಕೊಡುವುದು ಉಳಿಯುತ್ತದೆ. ನುಗ್ಗೆಸೊಪ್ಪು ಅಥವಾ ಎಲೆಕೋಸಿನ ಹೊರ ಎಲೆಗಳನ್ನು ಗೊಂಚಲು ಕಟ್ಟಿ, ಮರಿ ಕತ್ತು ಚಾಚಿದರೆ ಎಟುಕುವಷ್ಟು ಎತ್ತರಕ್ಕೆ ಮೂರು ನಾಲ್ಕು ಕಡೆ ತೂಗುಹಾಕಿ. ಬಾಳೆದಿಂಡಿನ ತುಂಡೂ ಆಗುತ್ತದೆ. ಕೆಸುವಿನ ಎಲೆ ತೋಟದಲ್ಲಿ ಹೇರಳವಾಗಿದ್ದರೂ ಹಸಿಯಾಗಿ ಹಾಕಬೇಡಿ, ಬಾಯಿ ಗಂಟಲು ತುರಿಸುತ್ತದೆ. ಸೊಪ್ಪು ಕೊಡುವಾಗ ಒಂದು ತಟ್ಟೆಯಲ್ಲಿ ತೊಳೆದ ಸಣ್ಣ ಮರಳನ್ನೂ ಇಡಬೇಕು. ಇನ್ನೊಂದು ತಗ್ಗು ತಟ್ಟೆಯಲ್ಲಿ ಒಣಮಣ್ಣು ಮತ್ತು ಜರಡಿ ಹಿಡಿದ ತಣ್ಣನೆಯ ಬೂದಿ ಬೆರೆಸಿ ಇಟ್ಟರೆ ಮಣ್ಣುಸ್ನಾನಕ್ಕೆ ಮುಗಿಬೀಳುತ್ತವೆ. ದಿನಕ್ಕೆರಡು ಸಲ ಒಂದು ಹಿಡಿ ಆಹಾರವನ್ನು ಒಣ ಹಾಸಿನ ಮೇಲೆ ಚೆಲ್ಲಿ, ಕೆದರಿ ಹುಡುಕಲಿ. ತೋಟದಲ್ಲಿ ಸವರಿ ಬಿಸಾಡಿದ ಕಾಫಿ ಕೊಂಬೆಗಳಲ್ಲಿ ಹೆಬ್ಬೆರಳು ಗಾತ್ರದವನ್ನು ಆರಿಸಿ ಅರ್ಧ ಅಡಿ ಎತ್ತರದಲ್ಲಿ ಅಡ್ಡ ಕಟ್ಟಿ. ಮೇಲೆ ಹತ್ತಿ ಕುಳಿತ ಮರಿಯ ಬಾಲ ಕೆಳಗಿನ ಮರಿಯ ಕೊಕ್ಕಿಗೆ ಸುಲಭವಾಗಿ ಸಿಗುವುದಿಲ್ಲ, ನೆಲದ ಇಕ್ಕಟ್ಟೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕೊಕ್ಕು ಕತ್ತರಿಸುವ ಬಗ್ಗೆ ಕೇಳಿದ್ದೀರಿ. ಪಂಜರದಲ್ಲಿ ಸಾವಿರಾರು ಮೊಟ್ಟೆಕೋಳಿ ಸಾಕುವವರು ಸುಮಾರು ಏಳರಿಂದ ಹತ್ತು ದಿನದ ವಯಸ್ಸಿನಲ್ಲಿ, ವಿದ್ಯುತ್ತಿನಿಂದ ಕಾದ ಅಲಗಿನ ಯಂತ್ರದಲ್ಲಿ, ಪಳಗಿದ ಕೈಯಿಂದ ಮೇಲಿನ ಕೊಕ್ಕಿನ ಮೂರನೆಯ ಒಂದು ಭಾಗವನ್ನು ತೆಗೆಸುತ್ತಾರೆ. ಕೊಕ್ಕು ಸತ್ತ ಉಗುರಲ್ಲ, ಅದರೊಳಗೆ ನರವೂ ರಕ್ತನಾಳವೂ ಇವೆ. ಮನೆಯಲ್ಲಿ ಕತ್ತರಿಯಿಂದ ತುಂಡರಿಸಿದರೆ ನೋವಿಗೆ ಮರಿ ತಿನ್ನುವುದನ್ನೇ ಬಿಡುತ್ತದೆ, ತೊಟ್ಟಿಕ್ಕುವ ರಕ್ತ ಮತ್ತೆ ಉಳಿದವುಗಳನ್ನು ಕೆರಳಿಸುತ್ತದೆ. ನಿಮ್ಮ ಕೋಳಿಗಳು ನಾಳೆ ತೋಟಕ್ಕೆ ಇಳಿದು ಹುಳ ಹೆಕ್ಕಿ ಬದುಕಬೇಕಾದವು, ಅವಕ್ಕೆ ಕೊಕ್ಕಿನ ತುದಿ ಬೇಕೇ ಬೇಕು. ಎಷ್ಟು ಮಾಡಿದರೂ ಬಿಡದ ಒಂದೆರಡು ಮರಿಗಳಿದ್ದರೆ, ಮೇಲಿನ ಕೊಕ್ಕಿನ ತುದಿಯಲ್ಲಿ ಬೆಳಕಿಗೆ ಹಿಡಿದಾಗ ಪಾರದರ್ಶಕವಾಗಿ ಕಾಣುವ ಚೂಪನ್ನು ಮಾತ್ರ ಉಗುರು ಅರದಿಂದ ಉಜ್ಜಿ ಮೊಂಡು ಮಾಡಬಹುದು. ಅದು ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಅಷ್ಟರಲ್ಲಿ ಚಾಳಿ ತಪ್ಪಿರುತ್ತದೆ.

ಗಾಯ ಒಣಗಿ, ಹೊಸ ಚರ್ಮ ಬಂದು, ಬೋಳು ಜಾಗದಲ್ಲಿ ಗರಿ ಕಾಣಿಸಿಕೊಂಡ ಮೇಲೆಯೇ ಆ ಮರಿಗಳನ್ನು ಗುಂಪಿಗೆ ಸೇರಿಸಿ. ಎರಡು ದಿನ ವೃತ್ತದ ಒಳಗೆಯೇ ತಂತಿಬಲೆಯ ಮರೆಯಲ್ಲಿಟ್ಟು, ಪರಸ್ಪರ ನೋಡಿ ರೂಢಿಯಾದ ಬಳಿಕ, ಸಂಜೆ ಬೆಳಕು ಮಂಕಾದಾಗ, ಒಂದೊಂದಾಗಿ ಅಲ್ಲದೆ ಎಲ್ಲವನ್ನೂ ಒಟ್ಟಿಗೆ ಬಿಡಿ. ಲಸಿಕೆ ಹಾಕಿಸುವ ದಿನ, ಜಾಗ ಬದಲಿಸುವ ದಿನ, ಮರಿ ಸೇರಿಸುವ ದಿನ ಇವು ಮೂರೂ ಒಂದೇ ಆಗದಂತೆ ನೋಡಿಕೊಳ್ಳಿ.

ಇವೆಲ್ಲ ಮಾಡಿದ ನಾಲ್ಕೈದು ದಿನಗಳಲ್ಲಿ ಹೊಸ ಗಾಯಗಳು ನಿಲ್ಲಬೇಕು. ನಿಲ್ಲದಿದ್ದರೆ, ಅಥವಾ ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದರೆ, ಔಷಧದಂಗಡಿಯಿಂದ ಅಂದಾಜಿನಲ್ಲಿ ಏನನ್ನೂ ತರಬೇಡಿ. ರಕ್ತಭೇದಿಗೆ ಆಂಪ್ರೋಲಿಯಂನಂಥ ಔಷಧಗಳಿವೆ, ಆದರೆ ಪ್ರಮಾಣವನ್ನೂ ದಿನವನ್ನೂ ಪಶುವೈದ್ಯರೇ ಹೇಳಬೇಕು. ಅಂದು ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಪಕ್ಕದಲ್ಲಿಟ್ಟು, ಅಂದೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಫ್ರೀಜರ್‌ನಲ್ಲಿ ಗಟ್ಟಿಯಾದ ಮರಿಯ ಕರುಳನ್ನು ಪರೀಕ್ಷಿಸುವುದು ಕಷ್ಟ. ಮರಿಯ ಜೊತೆ ಒಂದು ಹಿಡಿ ಆಹಾರ, ಹಾಸಿನ ಮೇಲಿನ ತಾಜಾ ಹಿಕ್ಕೆ ಮತ್ತು ಆಹಾರದ ಚೀಲದ ಚೀಟಿ, ಈ ಮೂರನ್ನೂ ತೆಗೆದುಕೊಂಡು ಹೋಗಿ.